ಕಲಬುರಗಿ ಬಯಲು ನೋಡೋಕೆ ಹೋಗ್ತೀರಾದ್ರೆ ಕೂತು ನೋಡಿ

ನಮ್ಮದು ತೀರ್ಥಹಳ್ಳಿ ಕಡೆ, ಗುಡ್ಡ ಹೊಳೆ ಕಾಣ್ದೇ ಇದ್ರೆ ಅದು ನೋಡೋ ಜಾಗ ಅಂತ ನಂಗೆ ಅನಿಸ್ತಾನೇ ಇರ್ಲಿಲ್ಲ. ಮೊದಲ ಸಲ ಕಲಬುರಗಿಗೆ ಹೋಗಿದ್ದು ಮೇ ತಿಂಗಳಲ್ಲಿ, ಫ್ರೆಂಡ್ ಮದುವೆಗೆ, ಬಸ್ಸಿನ ಕಿಟಕಿ ಆಚೆ ಬರೀ ಖಾಲಿ ಕಪ್ಪು ಹೊಲ. ಈ ಜನವರಿಲಿ ಅವನೇ ಹಠ ಮಾಡಿ ಮತ್ತೆ ಕರೆಸ್ಕೊಂಡ, ಮೂರು ದಿನ ಚಿತ್ತಾಪುರ, ಸನ್ನತಿ ಕಡೆ ಸುತ್ತಿ ಬಂದೆ.

ಬೇಸಿಗೆಲಿ ಹೋಗ್ಲೇಬೇಡಿ, 42 ಡಿಗ್ರಿ ದಾಟುತ್ತೆ, ನೆರಳೇ ಸಿಗಲ್ಲ. ನವೆಂಬರಲ್ಲಾದ್ರೆ ತೊಗರಿ ಹೊಲ ಪೂರ್ತಿ ಹಳದಿ ಹೂವು, ಜನವರಿಲಿ ಬಿಳಿಜೋಳ ತೆನೆ ಹೊತ್ತಿರುತ್ತೆ, ಅದರ ಅಂಚಿಗೆ ದನ ನುಗ್ಗಬಾರದು ಅಂತ ಮುಳ್ಳಿನ ಕುಸುಬೆ ಸಾಲು ಹಾಕಿರ್ತಾರೆ. ಬೆಂಗಳೂರಿಂದ ರಾತ್ರಿ ರೈಲು ಹಿಡೀರಿ, ಯಾದಗಿರಿ ದಾಟೋವಾಗ ಎದ್ದು ಕೂತಿರಿ.

ನಾನು ಮೊದಲ ದಿನ ಹತ್ತು ಗಂಟೆಗೆ ಹೊಲಕ್ಕೆ ಹೋಗಿ ಬದುವಿನ ಮೇಲೆ ನಿಂತ್ಕೊಂಡು ಫೋಟೋ ತೆಗೀತಿದ್ದೆ, ಫೋಟೋದಲ್ಲಿ ಒಂದು ಗೆರೆ ಬಿಟ್ರೆ ಏನೂ ಬರ್ತಿಲ್ಲ. ಫ್ರೆಂಡ್ ಅವ್ವ ಅಂದ್ರು, "ತಮ್ಮಾ, ನಿಂತ್ರ ಏನ್ ಕಾಣ್ತದ, ಮುಂಜಾನಿ ಬಂದು ಸುಮ್ನ ಕೂಡು." ಮಾರನೇ ದಿನ ಆರಕ್ಕೇ ಹೋಗಿ ಕೂತೆ. ಗಾಳಿ ಬರೋದು ಮೊದಲು ಕಿವಿಗೆ ಗೊತ್ತಾಗುತ್ತೆ, ದೂರದ ಜೋಳದ ಗರಿ ಸರಸರ ಅನ್ನುತ್ತೆ, ಆ ಸದ್ದು ಸಾಲು ಸಾಲಾಗಿ ಹತ್ತಿರ ಬಂದು ಕೊನೆಗೆ ಮುಖಕ್ಕೆ ತಣ್ಣಗೆ ಬಡಿಯುತ್ತೆ. ನಮ್ಮ ಕಾಡಲ್ಲಿ ಗಾಳಿ ಬರೋದನ್ನ ಇಷ್ಟು ದೂರದಿಂದ ಕೇಳಿದ್ದೇ ಇಲ್ಲ ನಾನು. ಕಾಲ ಹತ್ರ ನೆಲ ಬಿರಿದಿತ್ತು, ಕೈ ಇಳಿಸಿದೆ, ಮಣಿಕಟ್ಟಿನವರೆಗೂ ಹೋಯ್ತು, ಮೇಲೆ ಒಣಗಿದ್ರೂ ಒಳಗೆ ತಂಪು. ಮಳೆಗಾಲದಲ್ಲಿ ಈ ಕಪ್ಪು ಎರೆ ಮಣ್ಣು ಕುಡಿದ ನೀರಲ್ಲೇ ಹಿಂಗಾರಿ ಜೋಳ ತೆನೆಗೆ ಬರೋದು. ಕೋಟ್ಯಂತರ ವರ್ಷದ ಹಿಂದೆ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಸವೆದು ಪುಡಿಯಾಗಿ ಆಗಿರೋ ಮಣ್ಣಂತೆ ಇದು.

ಹೊಲಕ್ಕಿಳಿಯೋ ಮುಂಚೆ ಹೊಲದವರನ್ನ ಕೇಳಿ, ಬದು ಬಿಟ್ಟು ಬೆಳೆ ತುಳೀಬೇಡಿ. ಮಳೆ ಬಿದ್ದಿದ್ರೆ ಟಾರ್ ರೋಡ್ ಬಿಟ್ಟು ಗಾಡಿ ಇಳಿಸ್ಲೇಬೇಡಿ, ಎರೆ ಮಣ್ಣು ಚಕ್ರ ಬಿಡಲ್ಲ. ನೀರು ಎರಡು ಲೀಟರ್ ಜೊತೆಗಿರ್ಲಿ.

ಸನ್ನತಿಗೆ ಒಂದು ದಿನ ಪೂರ್ತಿ ಇಡಿ. ಭೀಮಾ ದಂಡೆ, ಚಂದ್ರಲಾಂಬಾ ಗುಡಿ, ಪಕ್ಕದಲ್ಲೇ ಕನಗನಹಳ್ಳಿಯ ಬೌದ್ಧ ಸ್ತೂಪ. 'ರಾಯೋ ಅಸೋಕೋ', ಅಂದ್ರೆ ರಾಜ ಅಶೋಕ, ಅಂತ ಬ್ರಾಹ್ಮಿ ಲಿಪಿಲಿ ಹೆಸರು ಕೆತ್ತಿರೋ ಅಶೋಕನ ಶಿಲ್ಪ ಸಿಕ್ಕಿದ್ದು ಇಲ್ಲೇ. ಅಂಥ ಜಾಗಕ್ಕೆ ಗುರುತು ಅಂತ ಒಂದು ಬೆಟ್ಟನೂ ಇಲ್ಲ, ಸುತ್ತ ಹೊಲ, ಮೇಲೆ ಆಕಾಶ, ಅಷ್ಟೇ. ನಂಗೆ ಅದೇ ತುಂಬಾ ಹಿಡಿಸ್ತು.

ಜನವರಿಲಿ ಹೋದ್ರೆ ಸೀತನಿ ತಿನ್ದೇ ಬರಬೇಡಿ, ಎಳೆ ಜೋಳದ ತೆನೆನ ಕುಳ್ಳಿನ (ಬೆರಣಿ) ಕೆಂಡದಲ್ಲಿ ಸುಟ್ಟು ಬಡಿದು ಬಿಸಿ ಬಿಸಿ ಕೊಡ್ತಾರೆ, ಶೇಂಗಾ ಹಿಂಡಿ (ಚಟ್ನಿಪುಡಿ) ಜೊತೆ ಒಂದು ತುಂಡು ಬೆಲ್ಲನೂ ಕೇಳಿ ಇಸ್ಕೊಳ್ಳಿ.