ಕೇಬಲ್ ಹೆಣಿಗೆಗೆ ಮೂರನೆಯ ಕಡ್ಡಿ ಯಾವಾಗ ಬೇಕು?

ಸ್ವೆಟರಿನಲ್ಲಿ ಕೇಬಲ್, ಅಂದರೆ ಹಗ್ಗದಂತೆ ಹೊಸೆದ ಹೆಣಿಗೆಯ ವಿನ್ಯಾಸ, ತೆಗೆಯಲು ಮೂರನೆಯ ಪುಟ್ಟ ಕಡ್ಡಿ ಇರಲೇಬೇಕೇ ಎಂದು ತೀರ್ಥಹಳ್ಳಿಯ ನಮ್ಮ ನೆರೆಹೊರೆಯವರು ಮಳೆಗಾಲ ಹಿಡಿದಾಗಲೆಲ್ಲ ಕೇಳುತ್ತಾರೆ. ಅದನ್ನು ತೀರ್ಮಾನಿಸುವುದು ಕೈಯ ಪಳಗಿಕೆಗಿಂತ ಹೆಚ್ಚಾಗಿ ದಾರದ ಗುಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೇಬಲ್ ಎಂದರೆ ಕುಣಿಕೆಗಳ ಸರದಿಯನ್ನು ಅದಲುಬದಲು ಮಾಡುವುದು, ಅಷ್ಟೇ. ನಾಲ್ಕು ಕುಣಿಕೆಗಳ ಕೇಬಲಿನಲ್ಲಿ ಮೊದಲ ಎರಡನ್ನು ಪುಟ್ಟ ಕಡ್ಡಿಗೆ ಏರಿಸಿ ಮುಂಬದಿಗೆ ಹಿಡಿದು, ಮುಂದಿನ ಎರಡನ್ನು ನಿಟ್ (ನೇರ ಕುಣಿಕೆ) ಹಾಕಿದ ಮೇಲೆ ಅವನ್ನು ಹೆಣೆದರೆ ತಿರುವು ಎಡಕ್ಕೆ ವಾಲುತ್ತದೆ. ಹಿಂಬದಿಗೆ ಹಿಡಿದರೆ ಬಲಕ್ಕೆ ವಾಲುತ್ತದೆ. ಅಕ್ಕಪಕ್ಕದಲ್ಲಿ ಪರ್ಲ್ (ಉಲ್ಟಾ) ಕುಣಿಕೆಗಳಿದ್ದರೆ ಅದು ಚೆನ್ನಾಗಿ ಉಬ್ಬಿ ಕಾಣುತ್ತದೆ.

ಪುಟ್ಟ ಕಡ್ಡಿಯಿಲ್ಲದೆ ಎಡತಿರುವು ತೆಗೆಯಲು, ಬಲಗೈ ಕಡ್ಡಿಯನ್ನು ಹಿಂಬದಿಯಿಂದ ತಂದು ಮೂರನೆಯ ಮತ್ತು ನಾಲ್ಕನೆಯ ಕುಣಿಕೆಗಳಿಗೆ ತೂರಿಸಿ, ಎಡಗೈ ಕಡ್ಡಿಯನ್ನು ನಾಲ್ಕರಿಂದಲೂ ಮೆಲ್ಲನೆ ಬಿಡಿಸಬೇಕು. ಆಗ ಮೊದಲ ಎರಡು ಕುಣಿಕೆಗಳು ಆಸರೆಯಿಲ್ಲದೆ ಮುಂಬದಿಯಲ್ಲಿ ನಿಲ್ಲುತ್ತವೆ. ಅವುಗಳ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಎಡಗೈ ಕಡ್ಡಿಗೆ ಎತ್ತಿಕೊಂಡು, ಬಲಗೈ ಕಡ್ಡಿಯಲ್ಲಿರುವ ಎರಡನ್ನೂ ಅಲ್ಲಿಗೇ ಮರಳಿಸಿ, ನಾಲ್ಕನ್ನೂ ಸಾಲಾಗಿ ನಿಟ್ ಹಾಕಬೇಕು. ಬಲತಿರುವಿಗೆ ಕಡ್ಡಿ ಮುಂಬದಿಯಿಂದ ಹೋಗುತ್ತದೆ, ಬಿಟ್ಟ ಕುಣಿಕೆಗಳು ಹಿಂಬದಿಯಲ್ಲಿ ಉಳಿಯುತ್ತವೆ.

ಆ ಒಂದು ಕ್ಷಣದ ಆಸರೆಯಿಲ್ಲದ ಸ್ಥಿತಿಯನ್ನು ಕುರಿಯ ಉಣ್ಣೆ ಚೆನ್ನಾಗಿ ತಾಳಿಕೊಳ್ಳುತ್ತದೆ, ಏಕೆಂದರೆ ಅದರ ಎಳೆಗಳ ಮೇಲಿನ ಸೂಕ್ಷ್ಮ ಹುರುಪೆಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಕೇಬಲ್ಲಿಗೆ ಹೆಸರಾದ ಐರ್ಲೆಂಡಿನ ಅರಾನ್ ದ್ವೀಪಗಳ ಸ್ವೆಟರುಗಳೂ ಉಣ್ಣೆಯವೇ. ನಮ್ಮ ಕಡೆಯ ಅಂಗಡಿಗಳಲ್ಲಿ ನನಗೆ ಹೆಚ್ಚಾಗಿ ಸಿಗುವ ಅಕ್ರಿಲಿಕ್ ದಾರವಾಗಲಿ, ಹತ್ತಿ ನೂಲಾಗಲಿ ನುಣುಪಾಗಿರುವುದರಿಂದ ಕುಣಿಕೆಗಳು ಸರ್ರನೆ ಕೆಳಗಿನ ಸಾಲುಗಳಿಗೆ ಬಿಚ್ಚಿಕೊಳ್ಳಬಹುದು; ಸ್ಟೀಲ್ ಕಡ್ಡಿಯಾದರೆ ಇನ್ನೂ ಬೇಗ. ಆದ್ದರಿಂದ ಅಂಥ ದಾರಕ್ಕೂ, ಆರು ಅಥವಾ ಹೆಚ್ಚು ಕುಣಿಕೆಗಳ ಕೇಬಲಿಗೂ ಪುಟ್ಟ ಕಡ್ಡಿಯನ್ನು ಬಿಡಬೇಡಿ. ಅದು ಹೆಣೆಯುವ ಕಡ್ಡಿಗಿಂತ ಸ್ವಲ್ಪ ತೆಳ್ಳಗಿರಲಿ, ದಪ್ಪವಾದರೆ ಕುಣಿಕೆಗಳು ಹಿಗ್ಗಿ ತಿರುವಿನ ಪಕ್ಕದಲ್ಲಿ ತೂತು ಬೀಳುತ್ತದೆ. ಕಾಲುಚೀಲ ಹೆಣೆಯುವ ಎರಡು ಮೊನೆಯ ಕಡ್ಡಿ ಮನೆಯಲ್ಲಿದ್ದರೆ ಅದೇ ಸಾಕು.

ಕಡ್ಡಿ ಇರಲಿ, ಬಿಡಲಿ, ಕೇಬಲ್ ಬಟ್ಟೆಯ ಅಗಲವನ್ನು ಒಳಕ್ಕೆ ಎಳೆಯುತ್ತದೆ. ಹಾಗಾಗಿ ಮೊದಲು ಹೆಣೆದು ನೋಡುವ ಅಳತೆಯ ತುಂಡನ್ನು ಬರೀ ಸಾದಾ ಹೆಣಿಗೆಯಲ್ಲಿ ಹಾಕದೆ, ಕೇಬಲನ್ನೂ ಸೇರಿಸಿ ಹಾಕಿ, ಕುಣಿಕೆಗಳನ್ನು ಅದರ ಮೇಲೆ ಲೆಕ್ಕ ಹಾಕಿ. ತಿರುವಿರುವ ಕಡೆ ಬಟ್ಟೆ ಎರಡು ಪದರವಾಗುವುದರಿಂದ ಮಲೆನಾಡಿನ ಆಷಾಢದಲ್ಲಿ ಅದು ಬೇಗ ಒಣಗುವುದಿಲ್ಲ. ಮಕ್ಕಳ ಸ್ವೆಟರಿಗೆ ಎದೆಯ ನಡುವೆ ಒಂದೇ ಕೇಬಲ್ ಹಾಕಿ, ತೋಳುಗಳನ್ನು ಸಾದಾ ಬಿಡಿ.