ಇಲಿ ಸತ್ತಿರಲಿಲ್ಲ

ಕಳೆದ ಮೇ ತಿಂಗಳಲ್ಲಿ ಒಂದು ವಾರ ನಮ್ಮ ಅಡುಗೆಮನೆಯಲ್ಲಿ ಎಂಥದೋ ನಾತ. ಬೆಳಿಗ್ಗೆ ಎದ್ದು ಹಾಲು ಕಾಯಿಸಲು ಹೋದರೆ ಮೊದಲು ಮೂಗಿಗೆ ಬಡಿಯುತ್ತಿದ್ದುದು ಅದೇ. "ಎಲ್ಲೋ ಇಲಿ ಸತ್ತಿದೆ ಕಣ್ರೀ" ಅಂದಳು ಹೆಂಡತಿ. ಸರಿ, ಫ್ರಿಜ್ ಎಳೆದೆವು, ಸಿಲಿಂಡರ್ ಸರಿಸಿದೆವು, ಅಟ್ಟದ ಮೇಲಿದ್ದ ಪಾತ್ರೆಗಳನ್ನೆಲ್ಲ ಇಳಿಸಿದೆವು. ಇಲಿ ಇಲ್ಲ. ಮದುವೆಗೆ ಉಡುಗೊರೆ ಬಂದು ಇನ್ನೂ ಪೊಟ್ಟಣ ಬಿಚ್ಚದ ಎರಡು ಡಿನ್ನರ್ ಸೆಟ್ ಸಿಕ್ಕವು, ಅಷ್ಟೇ.

ಕಸದ ಡಬ್ಬದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಯಾಕೆಂದರೆ ಅದನ್ನು ದಿನಾ ಖಾಲಿ ಮಾಡುತ್ತೇವೆ. ನಮ್ಮ ಮನೆಯಲ್ಲಿ ಅಡುಗೆ ಖಾತೆ ಇಬ್ಬರದು, ಕಸದ ಖಾತೆ ಮಾತ್ರ ನನ್ನೊಬ್ಬನದು. ಕಾಲಲ್ಲಿ ಒತ್ತಿದರೆ ಮುಚ್ಚಳ ತೆರೆಯುತ್ತದಲ್ಲ, ಆ ಥರದ ಡಬ್ಬ, ಅದರೊಳಗೆ ಇನ್ನೊಂದು ಬಕೆಟ್. ಒಳಗಿನ ಬಕೆಟ್ಟನ್ನು ತೊಳೆಯುತ್ತಿದ್ದೆ. ಹೊರಗಿನ ಡಬ್ಬದ ತಳವನ್ನು ಕೊಂಡು ತಂದ ದಿನದಿಂದ ಒಂದು ಸಲವೂ ನೋಡಿರಲಿಲ್ಲ. ಆವತ್ತು ಸುಮ್ನೆ ಬಗ್ಗಿ ನೋಡಿದರೆ ತಳದಲ್ಲಿ ಎರಡು ಬೆರಳಿನಷ್ಟು ಕಪ್ಪು ನೀರು, ಅದರಲ್ಲಿ ಬಿಳಿ ಹುಳ. ಬಕೆಟ್ಟಿನ ಅಡಿಯಲ್ಲಿ ಕೂದಲಿನಂಥ ಒಂದು ಬಿರುಕು. ದಿನಾ ಚೂರು ಚೂರು ಸೋರಿ ಸೋರಿ ಅಷ್ಟಾಗಿತ್ತು.

ಅದಕ್ಕೂ ಮುಂಚೆ ನಾನು ಏನೇನು ಮಾಡಿದ್ದೆ ಹೇಳುತ್ತೇನೆ, ನಗಬೇಡಿ. ರೂಮ್ ಫ್ರೆಶ್ನರ್ ಹೊಡೆದೆ. ಫಿನಾಯಿಲ್ ಸುರಿದೆ. ಬಟ್ಟೆಗೆ ಇಡುವ ನುಸಿ ಗುಳಿಗೆಯನ್ನು ಮೂಲೆ ಮೂಲೆಗೆ ಇಟ್ಟೆ. ಆಮೇಲೆ ಬಂದ ವಾಸನೆ ಹೇಗಿತ್ತು ಅಂದರೆ, ಆಸ್ಪತ್ರೆಯೊಳಗೆ ಇಲಿ ಸತ್ತ ಹಾಗೆ. ಕೊನೆಗೆ ಬ್ಲೀಚಿಂಗ್ ಪೌಡರ್ ಹಾಕಿ ಅದರ ಮೇಲೆ ಬಚ್ಚಲು ತೊಳೆಯುವ ಆ್ಯಸಿಡ್ ಸುರಿಯೋಣ ಅಂತ ಬಾಟಲಿ ತೆಗೆದಿದ್ದೆ, ಹೆಂಡತಿ ಕೈಯಿಂದ ಕಿತ್ತುಕೊಂಡಳು. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಅಡುಗೆಮನೆಯಲ್ಲಿ ಅದನ್ನು ಎಳೆದುಕೊಂಡರೆ ಶ್ವಾಸಕೋಶದ ಕಥೆ ಮುಗಿಯಿತು. ಯಾವ ಕಾರಣಕ್ಕೂ ಮಾಡಬೇಡಿ.

ಆಮೇಲೆ ಕೂತು ಯೋಚಿಸಿದೆ. ನಾತ ಬರುವುದು ಕಸದಿಂದ ಅಲ್ಲ, ನೀರಿನಿಂದ. ಸೌತೆಕಾಯಿಯಲ್ಲಿ ನೂರಕ್ಕೆ 95 ಭಾಗ ನೀರೇ ಇರುತ್ತದೆ, ಕಲ್ಲಂಗಡಿಯಲ್ಲೂ 90ಕ್ಕೆ ಮೇಲೆ. ಅದು ಸೋರಿ ತಳದಲ್ಲಿ ನಿಲ್ಲುತ್ತದೆ. ಮೇಲೆ ಕಸ ಒತ್ತಿ ಕೂತಿರುತ್ತದೆ, ಅದರ ಮೇಲೆ ಗಟ್ಟಿ ಮುಚ್ಚಳ. ಅಲ್ಲಿಗೆ ಗಾಳಿ ಹೋಗುವುದೇ ಇಲ್ಲ. ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಈರುಳ್ಳಿ, ಬೆಳ್ಳುಳ್ಳಿ, ಕೋಸು, ಮೊಟ್ಟೆಯಲ್ಲಿ ಗಂಧಕ ಇರುತ್ತದೆ, ಅವು ಹೀಗೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಕೊಳೆತ ಮೊಟ್ಟೆ ವಾಸನೆ ಅನ್ನುತ್ತೇವಲ್ಲ, ಅದೇ. ಅದೇ ಸಿಪ್ಪೆಯನ್ನು ಬಿಸಿಲಲ್ಲಿ ಹರಡಿ ನೋಡಿ, ಒಣಗುತ್ತದೆಯೇ ಹೊರತು ನಾರುವುದಿಲ್ಲ.

ಊರಿಂದ ಬಂದಿದ್ದ ಅಮ್ಮ ಇದನ್ನೆಲ್ಲ ನೋಡಿ ಒಂದೇ ಮಾತು ಅಂದಳು: "ಕಸಕ್ಕೂ ಮುಚ್ಚಳ ಹಾಕಿ ಸಾಕ್ತೀರಲ್ಲೋ." ಅವಳ ಅಡುಗೆಮನೆಯಲ್ಲಿ ಕಸದ ಡಬ್ಬ ಅಂತ ಒಂದು ಇರಲೇ ಇಲ್ಲ. ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು ಎಲ್ಲ ಕಲಗಚ್ಚಿಗೆ, ಅದು ಹಸುವಿಗೆ. ಮಿಕ್ಕಿದ್ದು ನಾಯಿಗೆ. ಉಳಿದದ್ದು ತಿಪ್ಪೆಗೆ. ಸಂಜೆವರೆಗೆ ಯಾವುದೂ ಮನೆಯೊಳಗೆ ಉಳಿಯುತ್ತಿರಲಿಲ್ಲ. ಬೆಂಗಳೂರಿನ ಎರಡನೇ ಮಹಡಿಯಲ್ಲಿ ನಾನು ಹಸು ಎಲ್ಲಿಂದ ತರಲಿ, ಆದರೆ ಅವಳು ಹೇಳಿದ್ದರಲ್ಲಿ ವಿಷಯ ಇತ್ತು.

ಈಗ ಸಿಂಕಿನ ಪಕ್ಕದಲ್ಲಿ ಒಂದು ತೂತಿನ ಬುಟ್ಟಿ ಇಟ್ಟಿದ್ದೇನೆ, ಸೊಪ್ಪು ತೊಳೆಯುವಂಥದ್ದು. ಹಸಿ ಕಸ ಏನಿದ್ದರೂ ಮೊದಲು ಅದಕ್ಕೆ ಬೀಳಬೇಕು. ಅರ್ಧ ಗಂಟೆ ನೀರಿಳಿದ ಮೇಲೆ ಡಬ್ಬಕ್ಕೆ. ಟೀ ಚರಟವನ್ನು ಒಮ್ಮೆ ಹಿಂಡಿ ಹಾಕುತ್ತೇವೆ. ಉಳಿದ ಸಾರು, ಹುಳಿ, ಮಜ್ಜಿಗೆಯನ್ನು ಡಬ್ಬಕ್ಕೆ ಸುರಿಯುವುದೇ ಇಲ್ಲ, ಅದೇ ಬುಟ್ಟಿಯಲ್ಲಿ ಸೋಸಿ, ತಿಳಿಯನ್ನು ಸಿಂಕಿಗೆ ಬಿಟ್ಟು ಹಿಂದೆಯೇ ನೀರು ಹಾಯಿಸುತ್ತೇವೆ. ಇಷ್ಟು ಮಾಡಿದ್ದಕ್ಕೇ ಮುಕ್ಕಾಲು ಪಾಲು ನಾತ ಹೋಯಿತು.

ಡಬ್ಬದ ತಳಕ್ಕೆ ಎರಡು ಹಾಳೆ ಪೇಪರ್. ಇಲ್ಲೊಂದು ಸೂಕ್ಷ್ಮ ಇದೆ: ಪುರವಣಿಯ ನುಣುಪು ಕಾಗದ ನೀರು ಹೀರುವುದಿಲ್ಲ, ಮುಖ್ಯ ಪತ್ರಿಕೆಯೇ ಬೇಕು. ಓದಿದ ಮೇಲೆ ಹಾಕಿ. ಪೇಪರ್ ತರಿಸದವರು ತೆಂಗಿನಕಾಯಿ ಸುಲಿದ ನಾರನ್ನು ಹಾಕಬಹುದು, ಒಣಗಿದ ಎಲೆಯೂ ಆಗುತ್ತದೆ. ಪ್ಲಾಸ್ಟಿಕ್ ಕವರ್ ಮಾತ್ರ ಬೇಡ. ಗಾಡಿಯವರು ತಗೊಳ್ಳುವುದಿಲ್ಲ ಅನ್ನುವುದು ಒಂದು, ಕವರಿನೊಳಗೆ ಗಾಳಿ ಇಲ್ಲದೆ ಅದೇ ಕಪ್ಪು ನೀರು ಕಟ್ಟುತ್ತದೆ ಅನ್ನುವುದು ಇನ್ನೊಂದು.

ನನ್ನ ಡಬ್ಬದ ಎರಡು ಬೆರಳು ನೀರೇ ಇಷ್ಟು ಕಾಡಿತು ಅಂದರೆ, ಈ ಊರಿನ ಬೇರ್ಪಡಿಸದ ಕಸವನ್ನು ವರ್ಷಗಟ್ಟಲೆ ಸುರಿಸಿಕೊಂಡ ಮಾವಳ್ಳಿಪುರ, ಮಂಡೂರಿನವರು ಹೇಗೆ ಬದುಕಿದರೋ. ಜನ ರೊಚ್ಚಿಗೆದ್ದ ಮೇಲೆ 2012ರಲ್ಲಿ ಮಾವಳ್ಳಿಪುರಕ್ಕೆ, 2014ರ ಕೊನೆಗೆ ಮಂಡೂರಿಗೆ ಕಸ ಹೋಗುವುದು ನಿಂತಿತು. ಮಾರನೇ ವರ್ಷ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಡಬ್ಬ, ಒಂದು ಚೀಲ ಕಡ್ಡಾಯ ಅಂದಿತು: ಹಸಿರು ಡಬ್ಬ ಹಸಿ ಕಸಕ್ಕೆ, ಕೆಂಪು ಡಬ್ಬ ಪ್ಯಾಡ್, ಡೈಪರಿನಂಥದ್ದಕ್ಕೆ, ಚೀಲ ಒಣ ಕಸಕ್ಕೆ. ಆಗ ನಾನೂ ಗೊಣಗಿದವನೇ. ಈಗ ಅನಿಸುತ್ತದೆ, ಬೇರೆ ಬೇರೆ ಇಟ್ಟರೆ ಮೊದಲ ಲಾಭ ನಮ್ಮ ಮೂಗಿಗೇ.

ಅಂದ ಹಾಗೆ ಒಣ ಕಸದ ಚೀಲವೂ ನಾರುತ್ತದೆ, ಇದು ಜಾಸ್ತಿ ಜನಕ್ಕೆ ಹೊಳೆಯುವುದಿಲ್ಲ. ಕಳ್ಳ ಯಾರು ಅಂದರೆ ಹಾಲಿನ ಕವರ್. ಮೂಲೆ ಕತ್ತರಿಸಿ ಹಾಗೇ ಎಸೆದರೆ ಒಳಗಿನ ನಾಲ್ಕು ಹನಿ ಹಾಲು ಹುಳಿಯುತ್ತದೆ. ಪೂರ್ತಿ ಕತ್ತರಿಸಿ, ನೀರು ಹಾಯಿಸಿ, ಸಿಂಕಿನ ಮೇಲಿನ ಟೈಲ್ಸಿಗೆ ಅಂಟಿಸಿಬಿಡಿ. ಒಣಗಿದ ಮೇಲೆ ತಾನಾಗಿಯೇ ಕಳಚಿ ಬೀಳುತ್ತದೆ.

ಭಾನುವಾರದ ಮೀನಿನ ವಿಷಯ ಬೇರೆ. ಮುಳ್ಳು, ತಲೆ, ಕಿವಿರು ಇವುಗಳನ್ನು ರಾತ್ರಿಯಿಡೀ ಡಬ್ಬದಲ್ಲಿ ಇಡುವ ಧೈರ್ಯ ನನಗಿಲ್ಲ. ನೊಣ ಮೊಟ್ಟೆ ಇಟ್ಟರೆ ಒಂದೇ ದಿನದೊಳಗೆ ಹುಳ ಆಗುತ್ತದೆ. ಹಾಗಾಗಿ ಒಂದು ಹಳೇ ಐಸ್ ಕ್ರೀಮ್ ಡಬ್ಬಕ್ಕೆ ಹಾಕಿ ಫ್ರೀಜರಿನಲ್ಲಿ ಇಡುತ್ತೇನೆ, ಸೋಮವಾರ ಗಾಡಿ ಬಂದಾಗ ನೇರ ಅದಕ್ಕೆ. ಇದಕ್ಕೆ ಮನೆಯಲ್ಲಿ ಒಪ್ಪಿಗೆ ಸಿಗಲು ಎರಡು ತಿಂಗಳು ಬೇಕಾಯಿತು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ "ಐಸ್ ಕ್ರೀಮ್ ಅಲ್ಲ" ಅಂತ ಬರೆಯಬೇಕು ಅನ್ನುವುದು ಷರತ್ತು, ಮಗ ಒಂದು ಸಲ ತೆಗೆದು ನೋಡಿಬಿಟ್ಟಿದ್ದ.

ಮೀನಿನ ವಾಸನೆಗೆ ಅಡುಗೆ ಸೋಡಾ ಉಪಯೋಗವಿಲ್ಲ. ಸೋಡಾ ಹುಳಿ ವಾಸನೆಗೆ ಸರಿ, ಹಾಲು ಮಜ್ಜಿಗೆ ಒಡೆದ ಥರದ್ದಕ್ಕೆ. ಮೀನಿನದು ಕ್ಷಾರದ ಕಡೆಯ ವಾಸನೆ, ಅದಕ್ಕೆ ಹುಳಿಯೇ ಬೇಕು. ಸಾರಿಗೆ ಹಿಂಡಿ ಉಳಿದ ಹುಣಸೆಹಣ್ಣಿನ ಚರಟದಿಂದ ಅಮ್ಮ ಹಿತ್ತಾಳೆ ಪಾತ್ರೆ ಉಜ್ಜುತ್ತಾಳಲ್ಲ, ನಾನು ಅದರಲ್ಲೇ ಡಬ್ಬ ಉಜ್ಜುತ್ತೇನೆ. ಮುಚ್ಚಳದ ಒಳ ಅಂಚು, ಹಿಡಿಕೆ ಸಿಕ್ಕಿಸುವ ತೂತು ಇವನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು, ಜಿಡ್ಡು ಕೂರುವುದು ಅಲ್ಲೇ. ಆಮೇಲೆ ಬಿಸಿಲಲ್ಲಿ ಒಂದು ಗಂಟೆ ಬೋರಲು. ಒದ್ದೆ ಡಬ್ಬಕ್ಕೆ ಮತ್ತೆ ಕಸ ಹಾಕಿದರೆ ತೊಳೆದಿದ್ದು ದಂಡ.

ಮುಚ್ಚಳವನ್ನು ಬಿಡಲು ಆಗುವುದಿಲ್ಲ, ಜಿರಳೆ ಬರುತ್ತವೆ. ಕಾದ ಸ್ಕ್ರೂಡ್ರೈವರಿನಿಂದ ಅದಕ್ಕೆ ಎಂಟು ತೂತು ಮಾಡಿ, ಒಳಗಿಂದ ಸೊಳ್ಳೆ ಜಾಲರಿಯ ತುಂಡು ಅಂಟಿಸಿದೆ. ಕಿಟಕಿ ತೆಗೆದಿಟ್ಟು ಮಾಡಿ, ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ಕುಡಿಯಬೇಡಿ. ನೋಡಲು ಚೆನ್ನಾಗಿಲ್ಲ. ಆದರೆ ಒಳಗೆ ಗಾಳಿ ಆಡುತ್ತದೆ, ನೊಣ ಹೋಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಅವರೆಕಾಯಿ ಕಾಲದಲ್ಲಿ ನಾನು ಸೋಲುತ್ತೇನೆ. ಡಿಸೆಂಬರ್ ಬಂದರೆ ಎರಡು ಕಿಲೋ ಕಾಯಿ ಬಿಡಿಸಿದ ಸಿಪ್ಪೆಗೇ ಡಬ್ಬ ತುಂಬುತ್ತದೆ, ಅದರ ಮೇಲೆ ಹಿತಕಿದ ಬೇಳೆಯ ನೆನೆದ ಸಿಪ್ಪೆ, ಲೋಳೆ ಲೋಳೆ. ಹೊರಸಿಪ್ಪೆಯನ್ನು ಬಾಲ್ಕನಿಯಲ್ಲಿ ಪೇಪರ್ ಮೇಲೆ ಹರಡಿ ಬಾಡಿಸುತ್ತೇನೆ, ಹಿತಕಿದ ಸಿಪ್ಪೆಯನ್ನು ಬಟ್ಟೆಯಲ್ಲಿ ಹಿಂಡುತ್ತೇನೆ. ಆದರೂ ಆ ಒಂದೂವರೆ ತಿಂಗಳು ಡಬ್ಬವನ್ನು ದಿನಾ ತೊಳೆಯುವುದೇ ಗತಿ. ಹಿತಕಿದ ಬೇಳೆ ಸಾರು ಬಿಡಲು ಆಗುತ್ತದಾ?

ಮೊನ್ನೆ ಮತ್ತೆ ನಾತ. ಹೆಂಡತಿ ಏನೂ ಹೇಳಲಿಲ್ಲ, ನನ್ನ ಕಡೆ ನೋಡಿದಳು ಅಷ್ಟೇ. ಡಬ್ಬ ಎತ್ತಿ ತೋರಿಸಿದೆ, ತಳ ಒಣ ಒಣ. ಕೊನೆಗೆ ಸಿಕ್ಕಿದ್ದು ತರಕಾರಿ ಬುಟ್ಟಿಯ ಅಡಿಯಲ್ಲಿ, ಈರುಳ್ಳಿಯ ಕೆಳಗೆ ಕರಗಿ ನೀರಾಗಿದ್ದ ಒಂದೇ ಒಂದು ಆಲೂಗೆಡ್ಡೆ. ತರಕಾರಿ ಬುಟ್ಟಿ ನನ್ನ ಖಾತೆ ಅಲ್ಲ.