ಅರಮನೆ ದೀಪ ಮಸುಕಾಗಿ ಬಂತೇ? ಮೊದಲು ಫೋಟೊ ಹಿಗ್ಗಿಸಿ ನೋಡಿ

ಭಾನುವಾರ ಸಂಜೆ ಮೈಸೂರು ಅರಮನೆಯ ದೀಪ ಹೊತ್ತಿದಾಗ ತೆಗೆದ ಫೋಟೊ ಕೆಟ್ಟು ಬಂದರೆ, ಪುಟ್ಟ ಡಿಜಿಟಲ್ ಕ್ಯಾಮೆರಾಗೆ ವಯಸ್ಸಾಯ್ತು ಎಂದು ಬೀರುವಿಗೆ ಸೇರಿಸಿಬಿಡಬೇಡಿ. ಮಸುಕಿನಲ್ಲೂ ಬಗೆಗಳಿವೆ. ಪ್ಲೇ ಗುಂಡಿ ಒತ್ತಿ, ಜೂಮ್ ಲಿವರ್ ತಿರುಗಿಸಿ, ಒಂದೊಂದು ಬಲ್ಬೂ ಕಾಣುವಷ್ಟು ಹಿಗ್ಗಿಸಿ. ಎಲ್ಲ ಬಲ್ಬೂ ಒಂದೇ ದಿಕ್ಕಿಗೆ ಗೆರೆಯಾಗಿ ಎಳೆದಿದ್ದರೆ ಕೈ ಅಲುಗಿದೆ. ಗುಂಡಗೆ ಊದಿದ್ದರೆ ಫೋಕಸ್ ತಪ್ಪಿದೆ. ಬಲ್ಬಿನ ಸುತ್ತ ಹಾಲು ಚೆಲ್ಲಿದ ಹಾಗೆ ಬೆಳಕು ಹರಡಿದ್ದರೆ ಲೆನ್ಸ್ ಮೇಲೆ ಬೆರಳಿನ ಜಿಡ್ಡಿದೆ. ಕಪ್ಪು ಆಕಾಶದಲ್ಲಿ ರವೆ ಎರಚಿದಂತಿದ್ದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಹೇಳುವ ಐಎಸ್‌ಒ ಏರಿದೆ.

ಹೆಚ್ಚಾಗಿ ಕಾಡುವುದು ಈ ಕೊನೆಯದೇ. ಇಂಥ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ 1/2.3 ಇಂಚಿನ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ನಿಜಕ್ಕೂ ಸುಮಾರು 6.2 × 4.6 ಮಿ.ಮೀ. ಅಷ್ಟೇ, ಕಿರುಬೆರಳ ಉಗುರಿಗಿಂತ ಚಿಕ್ಕದು, ಅದಕ್ಕೆ ಸಿಗುವ ಬೆಳಕೂ ಕಡಿಮೆ. ಆಟೊದಲ್ಲಿ ಬಿಟ್ಟರೆ ಕತ್ತಲಲ್ಲಿ ಐಎಸ್‌ಒ 1600ರವರೆಗೂ ಹಾರಬಹುದು. ಆ ರವೆ ಅಳಿಸಲು ಹೋಗಿ ಕ್ಯಾಮೆರಾವೇ ಕಂಬದ ಕೆತ್ತನೆಯನ್ನೂ ಸವರಿಹಾಕುತ್ತದೆ. ಕೆಲವನ್ನು ನಾವೇ ಹೊಂದಿಸಬಹುದಾದ ಪ್ರೋಗ್ರಾಂ (P) ಮೋಡ್‌ಗೆ ಬಂದು ಐಎಸ್‌ಒ 100ಕ್ಕೆ ಕಟ್ಟಿ. ಫ್ಲ್ಯಾಶ್ ಆಫ್ ಮಾಡಿ, ಅದರ ಬೆಳಕು ಕೆಲವೇ ಮೀಟರ್ ದಾಟದು. ಹೀಗೆ ಫೋಟೊಗೆ ಹೆಚ್ಚು ಹೊತ್ತು ಬೇಕಾಗುವುದರಿಂದ ಟ್ರೈಪಾಡ್ ಇಲ್ಲವೇ ಗಟ್ಟಿ ಕಟ್ಟೆಯ ಮೇಲಿಟ್ಟು 2 ಸೆಕೆಂಡಿನ ಟೈಮರ್ ಹಾಕಿ. ಗುಂಡಿ ಒತ್ತುವ ಬೆರಳೇ ಅರ್ಧ ಅಲುಗಾಟಕ್ಕೆ ಕಾರಣ. ಟ್ರೈಪಾಡ್ ಮೇಲೆ ಅಲುಗಾಟ ತಡೆಯುವ ಸ್ಟೆಬಿಲೈಸರ್ ಆಫ್ ಮಾಡಿ. ಚೌಕಟ್ಟಿನ ತುಂಬ ಕತ್ತಲಿರುವುದರಿಂದ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಬಲ್ಬುಗಳನ್ನು ಬಿಳಿಚಿಸುತ್ತದೆ. ಫೋಟೊದ ಬೆಳಕು ಏರಿಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ −1ರಿಂದ ಶುರುಮಾಡಿ. ಬಣ್ಣ ಸರಿದೂಗಿಸುವ ಆಟೊ ವೈಟ್ ಬ್ಯಾಲೆನ್ಸ್ ಚಿನ್ನದ ಬಣ್ಣವನ್ನು ಪೇಲವ ಮಾಡಿದರೆ ಡೇಲೈಟ್‌ಗೆ ತಿರುಗಿಸಿ.

ಫೋಕಸ್ ತಪ್ಪಿದ್ದರೆ ಮೊದಲು ಪರದೆಯ ಮೂಲೆಯಲ್ಲಿ ಹೂವಿನ ಗುರುತು ಇದೆಯೇ ನೋಡಿ. ತೀರ ಹತ್ತಿರದ್ದನ್ನು ತೆಗೆಯುವ ಮ್ಯಾಕ್ರೋ ಹಾಕಿ ಮರೆಯುವವರೇ ಹೆಚ್ಚು! ಆಮೇಲೆ ಬೆಳಗಿದ ಗೋಪುರ ಆಕಾಶಕ್ಕೆ ತಾಗುವ ಅಂಚಿಗೆ ಪರದೆಯ ಫೋಕಸ್ ಚೌಕವಿಟ್ಟು ಗುಂಡಿಯನ್ನು ಅರ್ಧ ಒತ್ತಿ ಹಿಡಿಯಿರಿ. ಬರೀ ಚಿತ್ರ ಹಿಗ್ಗಿಸುವ ಡಿಜಿಟಲ್ ಜೂಮ್ ಮೆನುವಿನಲ್ಲೇ ಬಂದ್ ಮಾಡಿ.

ಮಂಡ್ಯ ಕಡೆಯ ಆಲೆಮನೆಯಲ್ಲಿ ತೊಂದರೆ ಬೇರೆ. ಎಸಿ ಕಾರಿನಿಂದ ತಂದ ತಣ್ಣನೆಯ ಲೆನ್ಸ್ ಕೊಪ್ಪರಿಗೆಯ ಹಬೆಗೆ ಮಂಜು ಕಟ್ಟುತ್ತದೆ. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಜಿಪ್ ಕವರಿನೊಳಗಿಟ್ಟು ಕಾಲು ಗಂಟೆ ಹೊರಗೆ ಬಿಟ್ಟರೆ ತಾನೇ ಸರಿಹೋಗುತ್ತದೆ. ಕೆಆರ್‌ಎಸ್ ಕಾರಂಜಿಯ ಹನಿ ಒಣಗಿ ಕಲೆಯಾಗಿದ್ದರೆ ಮೊದಲು ಬ್ಲೋವರ್‌ನಿಂದ ಧೂಳು ಹಾರಿಸಿ, ಬಳಿಕ ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಹೊರಕ್ಕೆ ಸುತ್ತಿಸಿ ಒರೆಸಿ. ಅಂಗಿ ಚುಂಗು, ಪಂಚೆ ಅಂಚು ಬೇಡ.

ಇಷ್ಟಾದರೂ ಹೋಗದ ಚುಕ್ಕೆಗೆ ಒಂದು ಪರೀಕ್ಷೆಯಿದೆ. ಪೂರ್ತಿ ಜೂಮ್ ಮಾಡಿ ಬೆಳಗಿನ ಬರಿ ಆಕಾಶವನ್ನು ಮೂರು ಸಲ ತೆಗೆಯಿರಿ. ಮೂರರಲ್ಲೂ ಅದೇ ಜಾಗದಲ್ಲಿ ಬೂದು ಮಚ್ಚೆಯಿದ್ದರೆ ಧೂಳು ಸೆನ್ಸರ್ ಮೇಲೆ ಕೂತಿದೆ; ಲೆನ್ಸ್ ಹೊರಗೆ ಬಂದು ಒಳಗೆ ಹೋಗುವಾಗ ಗಾಳಿಯ ಜೊತೆ ಎಳೆದುಕೊಂಡದ್ದು. ಕ್ಯಾಮೆರಾ ಬಿಚ್ಚದೆ ಈ ಧೂಳು ತೆಗೆಯಲಾಗದು, ಮತ್ತು ಫ್ಲ್ಯಾಶ್‌ನ ಕೆಪಾಸಿಟರ್ ಬ್ಯಾಟರಿ ತೆಗೆದ ಮೇಲೂ ಜೋರಾಗಿ ಶಾಕ್ ಹೊಡೆಯಬಲ್ಲದು. ಹಾಗಾಗಿ ಸ್ಕ್ರೂಡ್ರೈವರ್ ಎತ್ತದೆ ರಿಪೇರಿಯವರ ಹತ್ತಿರ ರೇಟು ಕೇಳಿ. ಸೆಕೆಂಡ್‌ಹ್ಯಾಂಡ್ ಬೆಲೆಯ ಅರ್ಧಕ್ಕಿಂತ ಹೆಚ್ಚು ಹೇಳಿದರೆ ಆ ಮಚ್ಚೆಯನ್ನು ಕಂಪ್ಯೂಟರಿನಲ್ಲಿ ಅಳಿಸಿಕೊಳ್ಳುವುದೇ ಅಗ್ಗ.